ಸುಹೈಲಿ ಮತ್ತು ಅಜ್ಜನ ದೋಣಿ

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಅಪ್ಪ ಹಿತ್ತಲ ಕೊಟ್ಟಿಗೆ ತೋರಿಸಿ, "ಇದನ್ನ ತೆಗೆದು ಕಾರು ನಿಲ್ಸೂಕೆ ಒಂದು ಶೀಟಿನ ಮಾಡು ಮಾಡ್ಸುವ ಅಂದ್ಕಂಡಿದ್ದೆ. ಅಜ್ಜನ ದೋಣಿ ಎಂತ ಮಾಡೂದು? ಒಲೆಗೂ ಬರೂದಿಲ್ಲ ಅದು" ಅಂದ.

ದನಗಳಿಲ್ಲದ ಕೊಟ್ಟಿಗೆಯಲ್ಲಿ ಹದಿನೈದು ವರ್ಷದಿಂದ ಮಗುಚಿ ಬಿದ್ದಿರುವ ದೋಣಿ ಅದು. ಮೇಲೆ ಹಳೇ ಗೋಣಿಚೀಲ, ತೆಂಗಿನ ಹೆಡೆ, ನನ್ನ ಮುರಿದ ಕ್ರಿಕೆಟ್ ಬ್ಯಾಟು. "ಇರ್ಲಿ ಬಿಡು ಅಪ್ಪ, ಮುಂದಿನ ಸಲ ಬಂದಾಗ ನೋಡುವ" ಅಂದು ಬೆಂಗಳೂರಿನ ಬಸ್ಸು ಹತ್ತಿದೆ. ಆದರೆ ಬಸ್ಸಿನಲ್ಲಿ ನಿದ್ದೆ ಬರಲಿಲ್ಲ. ತಲೆಯೊಳಗೆ ಓಡುತ್ತಿದ್ದದ್ದು ಅಜ್ಜನ ದೋಣಿಯಲ್ಲ, ಅದಕ್ಕಿಂತ ದೊಡ್ಡದಾದ, ಬೊಂಬಾಯಿಯಲ್ಲಿ ಹುಟ್ಟಿದ ಇನ್ನೊಂದು ದೋಣಿ. ಹೆಸರು ಸುಹೈಲಿ. ಇವತ್ತು ಅದರ ಕಥೆ ಹೇಳುತ್ತೇನೆ. ಸ್ವಲ್ಪ ಉದ್ದ ಇದೆ, ಚಾ ಮಾಡಿಕೊಂಡು ಕೂತುಕೊಳ್ಳಿ.

ಮೊದಲು ಅಜ್ಜನ ವಿಷಯ. ನಮ್ಮ ಊರು ಹೊನ್ನಾವರದಿಂದ ಶರಾವತಿಗುಂಟ ಸ್ವಲ್ಪ ಮೇಲೆ. ರಸ್ತೆ ಸರಿಯಾಗಿರದ ಕಾಲದಲ್ಲಿ ಅಜ್ಜ ಬೆಳಗ್ಗೆ ಇಳಿತದ ನೀರಿನ ಜೊತೆ, ಗುಡ್ಡದ ಕಡೆಯಿಂದ ಬರುವ ತಣ್ಣನೆ ಗಾಳಿಯ ಜೊತೆ ತೆಂಗಿನಕಾಯಿ, ಬಾಳೆಗೊನೆ ತುಂಬಿಕೊಂಡು ಪೇಟೆಗೆ ಹೋಗುತ್ತಿದ್ದನಂತೆ. ಮಧ್ಯಾಹ್ನ ನೆಲ ಕಾದು ಕಡಲಗಾಳಿ ಎದ್ದ ಮೇಲೆ ವಾಪಸು. ಎರಡು ಹಳೇ ಪಂಚೆ ಜೋಡಿಸಿ ಹೊಲಿದ ಹಾಯಿ ಏರಿಸಿ ಬೀಡಿ ಹಚ್ಚಿ ಕೂತರೆ ಹುಟ್ಟು ಮುಟ್ಟದೆ ಮನೆ ಹತ್ತಿರ ಬಂದು ಬಿಡುತ್ತಿದ್ದ. "ಗಾಳಿಗೆ ಸಂಬಳ ಕೊಡೂದು ಬ್ಯಾಡ" ಎನ್ನುವುದು ಅವನ ಮಾತು. ನಾನು ಕಂಡದ್ದು ಕೊನೆಯ ನಾಲ್ಕೈದು ವರ್ಷ ಮಾತ್ರ. ಆಗ ದೋಣಿ ಆಚೆ ದಡದಿಂದ ಹುಲ್ಲು ತರುವುದಕ್ಕಷ್ಟೇ ಇಳಿಯುತ್ತಿತ್ತು. ಹಾಯಿಯ ಹಗ್ಗವನ್ನು ಒಮ್ಮೆ ನನ್ನ ಕೈಗೆ ಕೊಟ್ಟಿದ್ದ. ಗಾಳಿ ತುಂಬಿದಾಗ ಹಗ್ಗದ ಆ ತುದಿಯಲ್ಲಿ ಯಾವುದೋ ಜೀವವಿರುವ ಪ್ರಾಣಿಯನ್ನು ಕಟ್ಟಿದ ಹಾಗೆ ಆಗಿತ್ತು. ಅದಾದ ವಾರಕ್ಕೆ ಚಿಕ್ಕಪ್ಪನ ಮಗನ ಜೊತೆ ಸೇರಿ ಬಾಳೆದಿಂಡಿನ ತೆಪ್ಪ ಕಟ್ಟಿ ನದಿಗೆ ಇಳಿಸಿದೆ. ತೆಪ್ಪ ತೇಲಿತು, ನಾವು ಹತ್ತಿದ ಮೇಲೆ ಬಿಚ್ಚಿಹೋಯಿತು. ಮನೆಯಲ್ಲಿ ಸಿಕ್ಕಿದ ಏಟಿನ ಲೆಕ್ಕ ಇಲ್ಲಿ ಬೇಡ.

2018ರ ಸೆಪ್ಟೆಂಬರ್. ನಾನು ಎಂಜಿನಿಯರಿಂಗ್ ಕೊನೆಯ ವರ್ಷ. ಹಾಸ್ಟೆಲಿನ ಟಿವಿಯಲ್ಲಿ ಒಂದು ಸುದ್ದಿ: ಒಬ್ಬನೇ ಪ್ರಪಂಚ ಸುತ್ತುವ ಗೋಲ್ಡನ್ ಗ್ಲೋಬ್ ಸ್ಪರ್ಧೆಯಲ್ಲಿದ್ದ ನಮ್ಮ ನೌಕಾಪಡೆಯ ಅಭಿಲಾಷ್ ಟಾಮಿ ಅವರ ದೋಣಿ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಗೆ ಸಿಕ್ಕಿ ಕೂವೆಮರ ಮುರಿದಿದೆ, ಬೆನ್ನಿಗೆ ಪೆಟ್ಟಾಗಿ ಅವರು ಅಲುಗಾಡಲಾಗದೆ ಮಲಗಿದ್ದಾರೆ. ಮೂರು ದಿನ ಬಿಟ್ಟು ಫ್ರಾನ್ಸಿನ ಹಡಗೊಂದು ಅವರನ್ನು ಎತ್ತಿಕೊಂಡಿತು. ಆ ಮೂರು ದಿನ ನಾನು ಇಂಟರ್ನೆಟ್ಟಿನಲ್ಲಿ ಸಿಕ್ಕಿದ್ದನ್ನೆಲ್ಲ ಓದಿದೆ. ಅವರ ದೋಣಿ 'ತುರೀಯ' ಕಟ್ಟಿದ್ದು ಗೋವಾದಲ್ಲಿ, ನಮ್ಮೂರಿಂದ ನಾಲ್ಕೈದು ತಾಸಿನ ದಾರಿ. ಅದು 1968ರ ಮೊದಲ ಗೋಲ್ಡನ್ ಗ್ಲೋಬ್ ಗೆದ್ದ ದೋಣಿಯ ಅಚ್ಚಿನಲ್ಲೇ ಕಟ್ಟಿದ್ದಂತೆ. ಆ ಮೂಲ ದೋಣಿಯೇ ಸುಹೈಲಿ. ಅದು ಹುಟ್ಟಿದ್ದೂ ಇಂಗ್ಲೆಂಡಿನಲ್ಲಲ್ಲ, ಬೊಂಬಾಯಿಯಲ್ಲಿ ಅಂತ ಓದಿದಾಗ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ.

ಸುಹೈಲಿಯ ಯಜಮಾನ ರಾಬಿನ್ ನಾಕ್ಸ್-ಜಾನ್ಸ್ಟನ್. ಹುಟ್ಟಿದ್ದು 1939ರಲ್ಲಿ, ಲಂಡನ್ನಿನಲ್ಲಿ. (ಹುಡುಗನ ಕಥೆ ಹೇಳುವಾಗ ಏಕವಚನವೇ ಬಾಯಿಗೆ ಬರುತ್ತದೆ. ಅವರಿಗೆ 'ಸರ್' ಪದವಿ ಸಿಕ್ಕಿದ್ದು 1995ರಲ್ಲಿ, ಅಲ್ಲಿಗೆ ಬಂದಾಗ ನೋಡಿಕೊಳ್ಳೋಣ.) ನಾಲ್ಕು ವರ್ಷದವನಿದ್ದಾಗ ಕಿತ್ತಳೆಹಣ್ಣಿನ ಮರದ ಪೆಟ್ಟಿಗೆಗಳನ್ನು ಜೋಡಿಸಿ ತೆಪ್ಪ ಮಾಡಿದ. ಸಮುದ್ರದವರೆಗೆ ಹೊತ್ತುಕೊಂಡು ಹೋಗಿ ನೀರಿಗೆ ಬಿಟ್ಟು ಹತ್ತಿದ, ಮುಳುಗಿತು! ಇದನ್ನು ಓದಿದಾಗ ನನಗಾದ ಸಂತೋಷ ಹೇಳತೀರದು. ಪ್ರಪಂಚ ಸುತ್ತಿದವನ ಮೊದಲ ದೋಣಿಯೂ ಮುಳುಗಿತ್ತು ಎಂದರೆ ನಮ್ಮ ಬಾಳೆದಿಂಡಿಗೂ ಒಂದು ಮಾನ ಬಂತಲ್ಲ. ಹದಿನಾಲ್ಕಕ್ಕೆ ಅವನೇ ಒಂದು ಪುಟ್ಟ ದೋಣಿ ಕಟ್ಟಿದ. ಬ್ರಿಟನ್ನಿನ ನೌಕಾಪಡೆ ಸೇರಬೇಕೆಂದಿದ್ದವನು ಪರೀಕ್ಷೆಯಲ್ಲಿ ಭೌತಶಾಸ್ತ್ರದಲ್ಲಿ ಫೇಲಾದ (ಇದೂ ನನಗೆ ಆಪ್ತ ವಿಷಯವೇ!). ಹಾಗಾಗಿ ವ್ಯಾಪಾರಿ ಹಡಗು ಸೇರಿದ. ಕಂಪನಿಯ ಹೆಸರು ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಷನ್. ಮುಂದೆ ಅಧಿಕಾರಿಯಾಗಿ ಬೊಂಬಾಯಿ ಮತ್ತು ಪರ್ಷಿಯಾ ಕೊಲ್ಲಿಯ ನಡುವೆ ಓಡಾಡುವ ಹಡಗುಗಳಲ್ಲಿ ದುಡಿದ. ಮದುವೆಯಾಗಿ ಬೊಂಬಾಯಿಯಲ್ಲೇ ಮನೆ ಮಾಡಿದ.

ದಿನವಿಡೀ ದೊಡ್ಡ ಹಡಗಿನಲ್ಲಿದ್ದರೂ ಅವನಿಗೆ ತನ್ನದೇ ಒಂದು ಹಾಯಿದೋಣಿ ಬೇಕಿತ್ತು. ಜೊತೆಯ ಅಧಿಕಾರಿಗಳೂ ಸೇರಿಕೊಂಡರು. ದೋಣಿಯನ್ನು ಇಲ್ಲೇ ಅಗ್ಗಕ್ಕೆ ಕಟ್ಟಿಸಿ ಅದರಲ್ಲೇ ಇಂಗ್ಲೆಂಡಿಗೆ ಹೋಗುವುದು ಅಂತ ಯೋಚನೆ. ಆಗಿನ ಕಾಲದ ಹೊಸ ಮಾದರಿಯೊಂದರ ನಕ್ಷೆಗೆ ಇಂಗ್ಲೆಂಡಿಗೆ ಬರೆದರು. ಬಂದದ್ದು ಬೇರೆಯೇ ನಕ್ಷೆ! ಅದು ವಿಲಿಯಂ ಆಟ್ಕಿನ್ ಎಂಬ ಅಮೆರಿಕದವನು 1920ರ ದಶಕದಲ್ಲಿ ಬರೆದ 'ಎರಿಕ್' ಎಂಬ ದೋಣಿ. ಅದರ ಮೂಲವೋ ಇನ್ನೂ ಹಳೆಯದು. ನಾರ್ವೆಯ ಕಾಲಿನ್ ಆರ್ಚರ್ ಎಂಬವರು ಚಳಿಗಾಲದ ಬಿರುಗಾಳಿಯಲ್ಲಿ ಮೀನುಗಾರರನ್ನು ಕಾಪಾಡಲೆಂದು ರೂಪಿಸಿದ ರಕ್ಷಣಾ ದೋಣಿ. ನಮ್ಮ ಕಡೆಯ ಎಷ್ಟೋ ದೋಣಿಗಳ ಹಾಗೆ ಎರಡೂ ತುದಿ ಚೂಪು. ದಪ್ಪ, ಭಾರ, ನಿಧಾನ. ಬೇಡವೆಂದು ವಾಪಸು ಕಳಿಸಿ ಮತ್ತೆ ಕಾಯುವಷ್ಟು ವ್ಯವಧಾನ ಇರಲಿಲ್ಲ, ಅದನ್ನೇ ಕಟ್ಟಿಸಲು ಹೊರಟರು. ಸ್ಪೆಸಿಫಿಕೇಷನ್ ತಪ್ಪಾಗಿ ಬಂದ ಪ್ರಾಜೆಕ್ಟು ಕೊನೆಗೆ ಎಲ್ಲರಿಗಿಂತ ಚೆನ್ನಾಗಿ ಓಡಿದ ಉದಾಹರಣೆ ನಮ್ಮ ಸಾಫ್ಟ್‌ವೇರಿನಲ್ಲಿ ನಾನಂತೂ ಕಂಡಿಲ್ಲ.

ಕಟ್ಟಿದ್ದು ಕೊಲಾಬಾದಲ್ಲಿ, ಭಾರತದ ತೇಗದ ಮರದಲ್ಲಿ. ಬಡಗಿಗಳ ಕೈಯಲ್ಲಿದ್ದದ್ದು ಬಾಚಿ ಮತ್ತು ಬಿಲ್ಲಿನಿಂದ ತಿರುಗಿಸುವ ಬೈರಿಗೆ. ಕರೆಂಟಿನ ಯಂತ್ರವೇ ಬೇಕು ಅಂತ ಅವರಿಗೆ ಅನಿಸಿರಲಿಲ್ಲ. ಬೊಂಬಾಯಿಯ ತೇಗ ಮತ್ತು ಬೊಂಬಾಯಿಯ ಕೈಗಳ ಬಗ್ಗೆ ಅನುಮಾನವಿದ್ದವರು ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ಗೆ ಹೋಗಿ ನೋಡಬಹುದು. ವಾಡಿಯಾ ಮನೆತನದವರು 1817ರಲ್ಲಿ ಬೊಂಬಾಯಿಯಲ್ಲಿ ಕಟ್ಟಿ ನೀರಿಗಿಳಿಸಿದ 'ಟ್ರಿಂಕಮಲೀ' ಎಂಬ ಯುದ್ಧನೌಕೆ ಎರಡು ಶತಮಾನ ದಾಟಿಯೂ ಅಲ್ಲಿ ತೇಲುತ್ತಿದೆ. ವಾಡಿಯಾಗಳ ಹೆಸರು ಉಳಿಯಿತು. ಸುಹೈಲಿ ಕಟ್ಟಿದ ಬಡಗಿಗಳ ಹೆಸರು ನಾನು ಓದಿದ ಕಡೆಯಲ್ಲೆಲ್ಲೂ ಸಿಗಲಿಲ್ಲ. ನಕ್ಷೆ ಬರೆದವನ ಹೆಸರು, ಆ ನಕ್ಷೆಗೆ ಮೂಲವಾದವನ ಹೆಸರು, ಓಡಿಸಿದವನ ಹೆಸರು ಎಲ್ಲ ಇದೆ. ಹಲಗೆಗೆ ಹಲಗೆ ಕೂರಿಸಿದವರದ್ದು ಮಾತ್ರ ಇಲ್ಲ. ಇದು ನನ್ನನ್ನು ಈಗಲೂ ಕೊರೆಯುತ್ತದೆ.

1964ರ ಡಿಸೆಂಬರಿನಲ್ಲಿ ತೆಂಗಿನಕಾಯಿ ಒಡೆದು ದೋಣಿಯನ್ನು ನೀರಿಗಿಳಿಸಿದರು. ಮೈ ಉದ್ದ ಮೂವತ್ತೆರಡು ಅಡಿ ಚಿಲ್ಲರೆ, ಎರಡು ಕೂವೆಮರ. ಪರ್ಷಿಯಾ ಕೊಲ್ಲಿಯಲ್ಲಿ ಬೀಸುವ ಆಗ್ನೇಯ ದಿಕ್ಕಿನ ಗಾಳಿಗೆ ಅರಬ್ ನಾವಿಕರು ಇಟ್ಟ ಹೆಸರು ಸುಹೈಲಿ, ಅದೇ ದೋಣಿಯ ಹೆಸರಾಯಿತು. 1965ರ ಕೊನೆಗೆ ರಾಬಿನ್, ಅವನ ತಮ್ಮ ಕ್ರಿಸ್, ಹೈಂಜ್ ಫಿಂಗರ್‌ಹುಟ್ ಎಂಬ ಗೆಳೆಯ, ಮೂವರೂ ಬೊಂಬಾಯಿ ಬಿಟ್ಟರು. ಮಸ್ಕತ್, ಆಫ್ರಿಕಾದ ಪೂರ್ವ ಕರಾವಳಿ, ಡರ್ಬನ್. ಅಲ್ಲಿ ಕೈ ಖಾಲಿಯಾಗಿ ಕೆಲಸ ಮಾಡಿ ದುಡ್ಡು ಕೂಡಿಸಿಕೊಂಡು, ಮುಂದಿನ ಹಂತದಲ್ಲಿ ದಕ್ಷಿಣ ಆಫ್ರಿಕಾದಿಂದ ಎಲ್ಲೂ ನಿಲ್ಲದೆ 74 ದಿನಕ್ಕೆ ಲಂಡನ್ ಸೇರಿದರು. ಅಷ್ಟರಲ್ಲಿ ದೋಣಿಯ ಒಂದೊಂದು ಮೊಳೆಯೂ ಅವನಿಗೆ ಪರಿಚಯವಾಗಿತ್ತು.

1967ರ ಮೇ ತಿಂಗಳಲ್ಲಿ ಫ್ರಾನ್ಸಿಸ್ ಚಿಚೆಸ್ಟರ್ ಒಬ್ಬರೇ ಪ್ರಪಂಚ ಸುತ್ತಿ ಬಂದರು, ಸಿಡ್ನಿಯಲ್ಲಿ ಮಾತ್ರ ನಿಂತು. ಇನ್ನು ಉಳಿದದ್ದು ಎಲ್ಲೂ ನಿಲ್ಲದೆ ಸುತ್ತುವುದು. ರಾಬಿನ್ ಹೊಸ ದೋಣಿಗಾಗಿ ಕಂಡ ಕಂಡ ಕಂಪನಿಗಳಿಗೆ ಕಾಗದ ಬರೆದ. ಯಾರೂ ದುಡ್ಡು ಕೊಡಲಿಲ್ಲ. ಕೊನೆಗೆ ಇದ್ದದ್ದು ಸುಹೈಲಿಯೇ. 1968ರ ಮಾರ್ಚಿನಲ್ಲಿ ಸಂಡೇ ಟೈಮ್ಸ್ ಪತ್ರಿಕೆ ಸ್ಪರ್ಧೆ ಘೋಷಿಸಿತು: ಮೊದಲು ಬಂದವನಿಗೆ ಗೋಲ್ಡನ್ ಗ್ಲೋಬ್, ಕಡಿಮೆ ದಿನದಲ್ಲಿ ಮುಗಿಸಿದವನಿಗೆ 5,000 ಪೌಂಡ್. ಹೊರಟವರು ಒಂಬತ್ತು ಜನ. ಅವರಲ್ಲಿ ಈ 29 ವರ್ಷದವನ ಮೇಲೆ ಯಾರಿಗೂ ಭರವಸೆ ಇರಲಿಲ್ಲ. ದೋಣಿ ಚಿಕ್ಕದು, ನಿಧಾನದ್ದು, ಹಳೇ ಕಾಲದ್ದು.

1968ರ ಜೂನ್ 14ಕ್ಕೆ ಫಾಲ್ಮತ್ ಬಿಟ್ಟ. ಕೇಪ್ ವರ್ಡೆ ದ್ವೀಪಗಳ ಸುಮಾರಿಗೆ ಬರುವಾಗಲೇ ದೋಣಿಯೊಳಗೆ ನೀರು ಬರತೊಡಗಿತು. ಅಡಿಮರಕ್ಕೆ ಹಲಗೆ ಸೇರುವ ಸಂದಿ, ನೀರಿನ ಮಟ್ಟದಿಂದ ಐದಡಿ ಕೆಳಗೆ, ಎರಡೂ ಬದಿ ಬಾಯಿ ಬಿಟ್ಟಿತ್ತು. ಕೆಲಸ ಸುಲಭದ್ದೇ: ಸಂದಿಗೆ ಹತ್ತಿ ತುರುಕಿ ಮುಚ್ಚುವುದು. ಆದರೆ ದೋಣಿಯನ್ನು ದಡಕ್ಕೆ ಎಳೆದು ಮಾಡುವ ಕೆಲಸ ಅದು. ಇವನು ನಡುಸಮುದ್ರದಲ್ಲಿ, ಉಸಿರು ಕಟ್ಟಿ ಮುಳುಗಿ ಮುಳುಗಿ ಮಾಡಬೇಕಿತ್ತು. ಬಿಳಿ ಮೈ ನೋಡಿ ಶಾರ್ಕ್ ಬಂದೀತೆಂದು ಕಪ್ಪು ಅಂಗಿ, ಜೀನ್ಸ್ ಹಾಕಿಕೊಂಡು ಇಳಿದ. ಹತ್ತಿ ತುಂಬಿ, ಮೇಲೆ ಕ್ಯಾನ್ವಾಸ್ ಪಟ್ಟಿ ಹೊಡೆದು, ಅದರ ಮೇಲೆ ತಾಮ್ರದ ತಗಡು. ಮಧ್ಯದಲ್ಲಿ ಶಾರ್ಕ್ ಬಂದೇ ಬಂತು. ಮೇಲೆ ಹತ್ತಿ ಕೋವಿಯಿಂದ ಹೊಡೆದು, ಬೇರೆ ಯಾವುದೂ ಬರುವುದಿಲ್ಲ ಎಂದು ಖಾತ್ರಿ ಮಾಡಿಕೊಂಡು ಮತ್ತೆ ಇಳಿದ.

ಈ ಭಾಗ ನಾನು ಎಷ್ಟು ಸಲ ಓದಿದ್ದೇನೋ. ಇಲ್ಲಿ ಧೈರ್ಯಕ್ಕಿಂತ ಹೆಚ್ಚು ನನ್ನನ್ನು ಹಿಡಿದದ್ದು ಬೇರೆ. ನೀರು ಎಲ್ಲಿಂದ ಬರುತ್ತಿದೆ, ಯಾಕೆ ಬರುತ್ತಿದೆ, ಏನು ತುರುಕಿದರೆ ನಿಲ್ಲುತ್ತದೆ ಎನ್ನುವುದು ಅವನಿಗೆ ಗೊತ್ತಿತ್ತು. ದೋಣಿ ಕಟ್ಟುವಾಗ ಅವನು ಅದೇ ಊರಲ್ಲಿದ್ದ, ಅದರಲ್ಲೇ ಅರ್ಧ ಪ್ರಪಂಚ ದಾಟಿದ್ದ. ಆಫೀಸಿನಲ್ಲಿ ಯಾರೋ ಬರೆದು ಬಿಟ್ಟುಹೋದ ಕೋಡು ರಾತ್ರಿ ಎರಡು ಗಂಟೆಗೆ ಸೋರಿದಾಗ ನಾವು ಒದ್ದಾಡುವುದನ್ನು ನೆನೆಸಿಕೊಂಡರೆ ಈ ವ್ಯತ್ಯಾಸ ಅರ್ಥವಾಗುತ್ತದೆ.

ಆಮೇಲೆ ಆದದ್ದೆಲ್ಲ ಹೇಳಿದರೆ ಪುಸ್ತಕವಾಗುತ್ತದೆ. ದಕ್ಷಿಣದ ಸಮುದ್ರಕ್ಕೆ ಇಳಿದ ಕೂಡಲೇ ಅಲೆಗೆ ಸಿಕ್ಕಿ ದೋಣಿ ಪಕ್ಕಕ್ಕೆ ಮಲಗಿ ಎದ್ದಿತು, ಕೋಣೆಯ ಜೋಡಣೆಯೇ ಅಲುಗಿತು, ಕುಡಿಯುವ ನೀರು ಕೆಟ್ಟಿತು, ಮಳೆನೀರೇ ಗತಿ. ರೇಡಿಯೊದಲ್ಲಿ ತನ್ನ ಸುದ್ದಿ ಕಳಿಸಲಾಗದ ಹಾಗೆ ಆಯಿತು. ಎಂಜಿನ್ನಿನ ಬಿಡಿಭಾಗ ಸರಿಮಾಡಲು ಅಳತೆಯ ಗೇಜು ಇಲ್ಲದಾಗ, ಪುಸ್ತಕದ ಒಂದು ಹಾಳೆ ಎಷ್ಟು ದಪ್ಪ ಅಂತ ಲೆಕ್ಕ ಹಾಕಿ ಹಾಳೆಗಳನ್ನೇ ಗೇಜು ಮಾಡಿಕೊಂಡ. (ಭೌತಶಾಸ್ತ್ರದಲ್ಲಿ ಫೇಲು ಮಾಡಿದ ಮೇಷ್ಟ್ರು ಇದನ್ನು ಓದಿದರೋ ಇಲ್ಲವೋ.) ಆಸ್ಟ್ರೇಲಿಯಾ ಹತ್ತಿರ ತಾನಾಗಿ ದಿಕ್ಕು ಹಿಡಿಯುವ ಸಾಧನ ಮುರಿಯಿತು. ಹಾಯಿಗಳನ್ನು ಹೊಂದಿಸಿ, ಚುಕ್ಕಾಣಿಯ ಹಿಡಿ ಕಟ್ಟಿ, ದೋಣಿ ತಾನೇ ನೆಟ್ಟಗೆ ಹೋಗುವ ಹಾಗೆ ಮಾಡಿ ನಿದ್ದೆ ಹೋಗುತ್ತಿದ್ದ. ಉಳಿದರ್ಧ ಭೂಮಿಯನ್ನು ಸುತ್ತಿದ್ದು ಹೀಗೆ! ಭಾರದ, ನಿಧಾನದ, ಉದ್ದ ಅಡಿಮರದ ದೋಣಿ ಆದ್ದರಿಂದಲೇ ಇದು ಸಾಧ್ಯವಾಯಿತು. ತಪ್ಪಾಗಿ ಬಂದ ನಕ್ಷೆ ಇಲ್ಲಿ ಫಲ ಕೊಟ್ಟಿತು.

1968ರ ನವೆಂಬರಿನಲ್ಲಿ ನ್ಯೂಜಿಲೆಂಡಿನ ಒಟಾಗೊ ಬಳಿ ಒಬ್ಬ ಪತ್ರಕರ್ತ ಅವನನ್ನು ಕಂಡು ಮಾತಾಡಿಸಿದ. ಅಲ್ಲಿಂದ ಮುಂದೆ ನಾಲ್ಕೂವರೆ ತಿಂಗಳು ಸುದ್ದಿಯೇ ಇಲ್ಲ. 1969ರ ಜನವರಿ 17ಕ್ಕೆ ಕೇಪ್ ಹಾರ್ನ್ ದಾಟಿದ್ದು ಅವನೊಬ್ಬನಿಗೆ ಗೊತ್ತು. ಮನೆಯವರು ಆ ನಾಲ್ಕೂವರೆ ತಿಂಗಳು ಹೇಗೆ ಕಳೆದರೋ. ಏಪ್ರಿಲಿನಲ್ಲಿ ಅಜೋರ್ಸ್ ಹತ್ತಿರ ಒಂದು ತೈಲದ ಹಡಗು ಸುಹೈಲಿಯನ್ನು ಕಂಡಿತು. ಏಪ್ರಿಲ್ 22ರಂದು ಫಾಲ್ಮತ್‌ಗೆ ಬಂದಾಗ 312 ದಿನವಾಗಿತ್ತು. ಸುಮಾರು 30 ಸಾವಿರ ಮೈಲಿ, ಸರಾಸರಿ ಗಂಟೆಗೆ ನಾಲ್ಕು ಮೈಲಿ. ಬೆಂಗಳೂರಿನ ಸಿಲ್ಕ್ ಬೋರ್ಡಿನಲ್ಲಿ ಸಂಜೆ ನಾವು ಹೋಗುವ ವೇಗ. ಕಸ್ಟಮ್ಸ್‌ನವರು ದೋಣಿ ಹತ್ತಿ ಎಲ್ಲಿಂದ ಬಂದದ್ದು ಅಂತ ಕೇಳಿದರೆ ಅವನು ಕೊಟ್ಟ ಉತ್ತರ, "ಫಾಲ್ಮತ್." ಹೋಗುವ ಮೊದಲು ಮತ್ತು ಬಂದ ಮೇಲೆ ಮನೋವೈದ್ಯರು ಪರೀಕ್ಷೆ ಮಾಡಿದ್ದರು. ಎರಡು ಸಲವೂ ಅವರ ತೀರ್ಮಾನ, ಈ ಮನುಷ್ಯ ಕಳವಳವಾಗುವಷ್ಟು ಸಹಜವಾಗಿದ್ದಾನೆ!

ಉಳಿದ ಎಂಟು ಜನರಲ್ಲಿ ಯಾರೂ ಮುಗಿಸಲಿಲ್ಲ. ಬರ್ನಾರ್ಡ್ ಮ್ವಾಟೆಸ್ಸಿಯೆ ಎಂಬ ಫ್ರೆಂಚ್ ನಾವಿಕ ಗೆಲ್ಲುವ ಹಂತದಲ್ಲಿ ಸ್ಪರ್ಧೆಯೇ ಬೇಡವೆಂದು ತಹೀತಿಯ ಕಡೆ ತಿರುಗಿಸಿಬಿಟ್ಟ. ಟೆಟ್ಲಿಯ ದೋಣಿ ಕೊನೆಯ ಹಂತದಲ್ಲಿ ಒಡೆದುಹೋಯಿತು. ಡೊನಾಲ್ಡ್ ಕ್ರೋಹರ್ಸ್ಟ್ ಅಟ್ಲಾಂಟಿಕ್ ಬಿಟ್ಟು ಹೋಗದೆಯೇ ಪ್ರಪಂಚ ಸುತ್ತುತ್ತಿರುವಂತೆ ಸುಳ್ಳು ವರದಿ ಕಳಿಸುತ್ತಿದ್ದ. 1969ರ ಜುಲೈನಲ್ಲಿ ಅವನ ದೋಣಿ ಸಿಕ್ಕಿತು, ಅವನು ಇರಲಿಲ್ಲ. ಹೀಗಾಗಿ 5,000 ಪೌಂಡ್ ಕೂಡ ರಾಬಿನ್ ಪಾಲಿಗೇ ಬಂತು. ಅವನು ಅದನ್ನು ಕ್ರೋಹರ್ಸ್ಟ್‌ನ ಹೆಂಡತಿ ಮಕ್ಕಳಿಗೆ ಕೊಟ್ಟ. ಸರಿ, ಇಲ್ಲಿಂದ ನಾನು ಬಹುವಚನಕ್ಕೆ ಬರುತ್ತೇನೆ. 1995ರವರೆಗೆ ಕಾಯುವ ಅಗತ್ಯ ಕಾಣುವುದಿಲ್ಲ.

ಅಂದಹಾಗೆ ಕಥೆಯ ಒಂದು ಎಳೆ ನಮ್ಮ ಕಡೆಗೂ ಬರುತ್ತದೆ. 2009-10ರಲ್ಲಿ ಒಬ್ಬರೇ ಪ್ರಪಂಚ ಸುತ್ತಿದ ಮೊದಲ ಭಾರತೀಯ ದಿಲೀಪ್ ದೊಂದೆ. ಅವರು ಈ ವಿದ್ಯೆಯ ಪಾಠ ಕಲಿತದ್ದು ರಾಬಿನ್ ಅವರ ಬಳಿ. ಅವರ ದೋಣಿಯನ್ನೂ ಗೋವಾದಲ್ಲೇ ಕಟ್ಟಿದ್ದು, ಹೆಸರು 'ಮಾಧೇಯಿ'. ಹೌದು, ನಾವು ಪೇಪರಿನಲ್ಲಿ ದಿನಾ ಓದುವ, ಖಾನಾಪುರದ ಕಾಡಿನಲ್ಲಿ ಹುಟ್ಟುವ ನಮ್ಮ ಮಹದಾಯಿಯೇ. ಅದೇ ದೋಣಿಯಲ್ಲಿ 2012-13ರಲ್ಲಿ ಎಲ್ಲೂ ನಿಲ್ಲದೆ ಸುತ್ತಿ ಬಂದವರು ಅಭಿಲಾಷ್ ಟಾಮಿ. 2018ರಲ್ಲಿ ಬೆನ್ನು ಮುರಿದುಕೊಂಡ ಅವರು 2022ರ ಗೋಲ್ಡನ್ ಗ್ಲೋಬಿಗೆ ಮತ್ತೆ ಹೋದರು, 2023ರ ಏಪ್ರಿಲಿನಲ್ಲಿ ಎರಡನೆಯವರಾಗಿ ಮುಗಿಸಿದರು. ಮೊದಲು ಬಂದದ್ದು ದಕ್ಷಿಣ ಆಫ್ರಿಕಾದ ಕರ್ಸ್ಟನ್ ನಾಯ್‌ಶೇಫರ್ ಎಂಬ ಹೆಣ್ಣುಮಗಳು. ಆ ಏಪ್ರಿಲಿನಲ್ಲಿ ನಾನು ಆಫೀಸಿನ ಎರಡನೇ ಮಾನಿಟರಿನಲ್ಲಿ ನಕ್ಷೆಯ ಮೇಲಿನ ಚುಕ್ಕೆ ನೋಡುತ್ತಾ ಕೆಲಸ ಮಾಡಿದ್ದು ಮ್ಯಾನೇಜರಿಗೆ ಗೊತ್ತಿಲ್ಲ.

ನನಗೂ ಒಂದು ದೋಣಿ ಇದೆ, ಅಂದರೆ ಮೂರರಲ್ಲಿ ಒಂದು ಪಾಲು. ಕೆಲಸಕ್ಕೆ ಸೇರಿದ ಮೇಲೆ ಮೈಸೂರಿನ ಕಡೆಯ ಹಿನ್ನೀರಿನಲ್ಲಿ ಹಾಯಿ ಓಡಿಸುವುದನ್ನು ಕಲಿತು, ಇಬ್ಬರು ಗೆಳೆಯರ ಜೊತೆ ಸೇರಿ ಹಳೆಯದೊಂದು 'ಎಂಟರ್‌ಪ್ರೈಸ್' ಕೊಂಡೆ. ಜಾಕ್ ಹೋಲ್ಟ್ ಎಂಬ ಇಂಗ್ಲಿಷಿನವರು 1956ರಲ್ಲಿ ಪ್ಲೈವುಡ್ಡಿಗೆಂದು ರೂಪಿಸಿದ ಪುಟ್ಟ ದೋಣಿ ಅದು, ನೀಲಿ ಹಾಯಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಪ್ಲೈವುಡ್ಡೂ ನೀರಿಗೆ ಬಿಡದ ಅಂಟೂ ಅಗ್ಗವಾಗಿ, ಸಂಬಳದ ಜನ ಮನೆಯ ಹಿತ್ತಲಲ್ಲೇ ದೋಣಿ ಕಟ್ಟಿಕೊಳ್ಳುವ ಕಾಲ ಬಂತು. ಅದೇ ಹೋಲ್ಟ್ ಅವರ 'ಮಿರರ್' ದೋಣಿಯಂತೂ ಅರವತ್ತರ ದಶಕದಲ್ಲಿ ಕಿಟ್ ರೂಪದಲ್ಲಿ 63 ಪೌಂಡಿಗೆ ಸಿಗುತ್ತಿತ್ತು. ನಮ್ಮದರಲ್ಲಿ ಕೂರಬಹುದಾದವರು ಇಬ್ಬರು, ಯಜಮಾನರು ಮೂವರು. ಹಾಗಾಗಿ ಪ್ರತಿ ಭಾನುವಾರ ಒಬ್ಬ ದಡದಲ್ಲಿ ಕೂತು ಬೈಯುತ್ತಿರುತ್ತಾನೆ.

ಬಸ್ಸಿನಲ್ಲಿ ನಿದ್ದೆ ಬಾರದಿರಲು ಕಾರಣ ಹೇಳುವುದು ಉಳಿಯಿತು. ಸುಹೈಲಿಯನ್ನು 1997ರಲ್ಲಿ ಗ್ರೀನಿಚ್‌ನ ಕಡಲ ಮ್ಯೂಸಿಯಮ್ಮಿನಲ್ಲಿ ಇಟ್ಟರು. ಗೌರವದ ಜಾಗ, ಮಳೆಯಿಲ್ಲ, ಅಲೆಯಿಲ್ಲ. ಆದರೆ ಒಳಗಿನ ಒಣ ಗಾಳಿಗೆ ತೇಗದ ಹಲಗೆಗಳು ಕುಗ್ಗತೊಡಗಿದವು, ಸಂದಿಗಳು ಬಾಯಿ ಬಿಟ್ಟವು. ದಕ್ಷಿಣದ ಸಮುದ್ರ ಕೆಡಿಸಲಾರದ್ದನ್ನು ಮ್ಯೂಸಿಯಮ್ಮು ಕೆಡಿಸುತ್ತಿತ್ತು. ರಾಬಿನ್ 2002ರಲ್ಲಿ ದೋಣಿಯನ್ನು ಅಲ್ಲಿಂದ ಹೊರಗೆ ತಂದರು. ತುಕ್ಕು ಹಿಡಿದಿದ್ದ ಕಬ್ಬಿಣದ ಮೊಳೆ ಬೋಲ್ಟುಗಳನ್ನು ತೆಗೆದು ಕಂಚಿನದು ಹಾಕುವ ಕೆಲಸ ವರ್ಷಗಟ್ಟಲೆ ನಡೆಯಿತು, ಅವರೇ ಕೈಯಾರೆ ದುಡಿದರು. 2018ರ ಜೂನ್ 14ಕ್ಕೆ, ಹೊರಟು ಸರಿಯಾಗಿ ಐವತ್ತು ವರ್ಷಕ್ಕೆ, ಸುಹೈಲಿ ಫಾಲ್ಮತ್‌ನ ನೀರಿನಲ್ಲಿ ಹಾಯಿ ಬಿಚ್ಚಿತು. ಚುಕ್ಕಾಣಿಯಲ್ಲಿ 79 ವರ್ಷದ ಯಜಮಾನರು.

ನಾನು ಡಿಸೆಂಬರಿನಲ್ಲಿ ಮತ್ತೆ ಊರಿಗೆ ಹೋದೆ. ನಮ್ಮ ಪಕ್ಕದ ಕೇರಿಯಲ್ಲಿ ದೋಣಿ ಹೊಲಿಯುವುದು ಗೊತ್ತಿರುವ ಒಬ್ಬ ಅಜ್ಜ ಇದ್ದಾರೆ. ಹೊಲಿಯುವುದೇ, ಅಜ್ಜನ ದೋಣಿಯಲ್ಲಿ ಮೊಳೆ ಇಲ್ಲ, ಹೆಬ್ಬಲಸಿನ ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದದ್ದು. ಅವರು ಕೊಟ್ಟಿಗೆಗೆ ಬಂದು ಗೋಣಿಚೀಲ ಸರಿಸಿ ಪ್ರತಿ ಹಲಗೆಯನ್ನೂ ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟು ಕೇಳಿದರು. ಎರಡು ಹಲಗೆ ಹೋಗಿದೆ, ಹಗ್ಗ ಪೂರ್ತಿ ಹೋಗಿದೆ, ಉಳಿದದ್ದು ಗಟ್ಟಿ. "ನಿಮ್ಮಜ್ಜನ ಅಪ್ಪ ಮಾಡ್ಸಿದ್ದು ಇದು. ನಮ್ಮಪ್ಪನೇ ಹೊಲಿದಿದ್ದ" ಅಂದರು. ಅವರ ಅಪ್ಪನ ಹೆಸರು ಕೇಳಿ ಡೈರಿಯಲ್ಲಿ ಬರೆದುಕೊಂಡೆ. ಇಲ್ಲಿ ಹಾಕುವುದಿಲ್ಲ, ಆದರೆ ದೋಣಿ ಮುಗಿದ ದಿನ ಒಳಗಿನ ಹಲಗೆಯ ಮೇಲೆ ಕೆತ್ತಿಸುತ್ತೇನೆ.

ಹೊಸ ಹಗ್ಗ ಹಾಕುವ ಮೊದಲು ಮರ ನೀರು ಕುಡಿದು ಉಬ್ಬಬೇಕಂತೆ. ಏಳು ಜನ ಸೇರಿ ಹೊತ್ತುಕೊಂಡು ಹೋಗಿ ಅಬ್ಬರವಿಲ್ಲದ ಕಡೆ ನದಿಗೆ ಇಳಿಸಿದೆವು. ನೋಡನೋಡುತ್ತ ಎಲ್ಲ ಸಂದಿಯಿಂದಲೂ ನೀರು ನುಗ್ಗಿ ಅಂಚಿನವರೆಗೆ ಮುಳುಗಿತು. ಕಲ್ಲು ಹೇರಿ ಹಾಗೇ ಬಿಟ್ಟೆವು, ಹದಿನೈದು ದಿನ. ಅಪ್ಪ ಇಡೀ ಹೊತ್ತು ದಡದ ತೆಂಗಿನಮರಕ್ಕೆ ಒರಗಿ, ಕೈಕಟ್ಟಿ ನಿಂತು ನೋಡುತ್ತಿದ್ದ, ಒಂದು ಮಾತಿಲ್ಲ. ಕಾರಿನ ಮಾಡಿನ ವಿಷಯ ಎತ್ತುತ್ತಾನೆ ಅಂದುಕೊಂಡಿದ್ದೆ. ಮನೆಗೆ ವಾಪಸು ನಡೆಯುವಾಗ, ಗದ್ದೆಯಂಚಿನಲ್ಲಿ ಮುಂದೆ ಹೋಗುತ್ತಿದ್ದವನು ತಿರುಗದೇ ಕೇಳಿದ:

"ಹಾಯಿಗೆ ಬಟ್ಟೆ ಎಂತದು ಹಾಕ್ತೆ?"